ಆನೆ ಹತ್ತಿದ ಬಸ್ಸು

ಶನಿವಾರ, ಸಂಜೆ

ನಮ್ಮ ಮನೆಯವರಿಗೆ,

ರೀ, ನಾನು ಚೆನ್ನಾಗಿದ್ದೇನೆ. ನೀವು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು, ಅದಕ್ಕೆ ಆಮೇಲೆ ಬೈಯುತ್ತೇನೆ. ಮೊದಲು ಇದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಇವತ್ತು ನಾನು ಅಷ್ಟು ಜನರೆದುರು ಬಕೆಟ್ ಬಾರಿಸಿದೆ!

ನಮ್ಮ ಮಗಳು, ನಮ್ಮ ಪೀಪಿ, ಜ್ವರದಲ್ಲಿ ಹೋದಮೇಲೆ ನೀವು ಮಾತು ಬಿಟ್ಟು ನಿಮ್ಮ ಅಕ್ಕನ ಮನೆ ಸೇರಿದಿರಿ. ನಾನು ಶನಿವಾರದ ಗುಂಪು ಸೇರಿದೆ. ಲಾಂಡ್ರಿಯ ಮೇಲಿನ ಕೋಣೆ, ಕೆಳಗಿನಿಂದ ಇಸ್ತ್ರಿಯ ಬಿಸಿ ವಾಸನೆ ಬರುತ್ತಿರುತ್ತದೆ. ಬರುವವರೆಲ್ಲ ನಮ್ಮಂತೆ ಮಗು ಕಳೆದುಕೊಂಡವರು. ನಡೆಸುವವರು ಒಬ್ಬ ಸಂಗೀತದ ಮೇಷ್ಟ್ರು. ಒಬ್ಬೊಬ್ಬರೂ ತಮ್ಮ ಮಗುವಿಗೆ ಇಷ್ಟವಾಗಿದ್ದ ಹಾಡನ್ನೋ ಕಥೆಯನ್ನೋ ತರಬೇಕು, ಮಿಕ್ಕವರು ದನಿ ಸೇರಿಸಬೇಕು. ಈ ವಾರ ನನ್ನ ಸರದಿ. ನಿಮ್ಮ ಆನೆ ಕಥೆ ಹೇಳುತ್ತೇನೆಂದು ಜಂಬದಿಂದ ಒಪ್ಪಿಕೊಂಡು, ಚೀಲದ ತುಂಬ ಪಾತ್ರೆ ಹೊತ್ತುಕೊಂಡು ಹೋದೆ.

ಎದ್ದು ನಿಂತಾಗ ಗೊತ್ತಾಯಿತು, ಕಥೆ ನಿಮ್ಮದು, ನನ್ನದು ಬರೀ ಸದ್ದು. ನೀವು ಮಂಚದ ಮೇಲೆ ಕೂತು ಪೀಪಿಗೆ ಹೇಳುತ್ತಿದ್ದಿರಿ, ನಾನು ಅಡುಗೆಮನೆಯಿಂದ ಬಾರಿಸುತ್ತಿದ್ದೆ. ಆನೆಗೆ ಬಸ್ಸಿನಲ್ಲಿ ಹೋಗುವ ಆಸೆ, ಹತ್ತುತ್ತದೆ, ಕಂಡಕ್ಟರ್ ಟಿಕೆಟ್ ಕೇಳುತ್ತಾನೆ. ನನಗೆ ಬರುವುದು ಅಷ್ಟೇ. ಇನ್ನೇನು ಮಾಡಲಿ, ಮಗುಚಿದ ಬಕೆಟ್ಟಿನ ಮೇಲೆ ಧಡ್ ಧಡ್ ಎಂದು ಆನೆಯನ್ನು ನಡೆಸಿದೆ. ಡಬ್ಬಿಯ ಕಾಳು ಅಲ್ಲಾಡಿಸಿ ಇಂಜಿನ್ ಶುರುಮಾಡಿದೆ. ಲೋಟಕ್ಕೆ ಚಮಚ ಬಡಿದು ಗಂಟೆ ಹೊಡೆದೆ. ಮೇಷ್ಟ್ರು ನಗು ತಡೆಯಲಾರದೆ ಅದೇ ತಾಳಕ್ಕೆ ಕೀಬೋರ್ಡಿನಲ್ಲಿ ಒಂದು ಕುಂಟು ಧಾಟಿ ಹಿಡಿದರು. ಆನೆಯ ಘೀಳಿಗೆಂದು ತಂದಿದ್ದ ಎಣ್ಣೆಯ ಲಾಳಿಕೆ ಮಾತ್ರ ಚೀಲದಲ್ಲೇ ಉಳಿಯಿತು.

ಆಗ ಗುಂಪಿನ ಬೇಕರಿಯವರು, ಇಷ್ಟು ವಾರವೂ ಗೋಡೆ ನೋಡುತ್ತ ಕೂತಿದ್ದವರು, ಬಾಯಿ ಬಿಟ್ಟರು. "ನನ್ ಮಗನೂ ಹತ್ಕೊಂಡ. ಅವನಿಗೆ ಕಿಟಕಿ ಸೀಟ್ ಕೊಡಿ."

ನಾನು ಟಿಂಗ್ ಎನಿಸಿದೆ. ಅಷ್ಟೇ ರೀ! ನರ್ಸಮ್ಮ ತಮ್ಮ ಮಗಳನ್ನು ಹಿಂದಿನ ಸೀಟಿನಲ್ಲಿ ಕುಣಿಯಲು ಬಿಟ್ಟರು. ಡ್ರೈವಿಂಗ್ ಕಲಿಸುವ ದಂಪತಿ ತಮ್ಮ ಮಗನನ್ನು ಸ್ಟೇರಿಂಗ್ ಮುಂದೆಯೇ ಕೂರಿಸಿ, ನಿಧಾನವಾಗಿ ಓಡಿಸು ಎಂದು ಗದರಿದರು. ಎಲ್ಲರೂ ಹಾಡುತ್ತ, ಅಳುತ್ತ, ನೆಲ ಒದೆಯುತ್ತಿದ್ದರೆ ಮಾಳಿಗೆ ಕುಸಿಯಿತೇನೋ ಎಂದು ಲಾಂಡ್ರಿಯವನು ಓಡಿಬಂದ. ಎಷ್ಟು ದಿನವಾಗಿತ್ತು ರೀ, ನಾನು ನಕ್ಕು!

ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಟಿಕೆಟ್ ಕೇಳಿದಾಗ ಆನೆ ಏನು ಹೇಳಿತು? ಮರೆತುಹೋಯಿತು ಎಂದೆ. ಬರುವ ಶನಿವಾರ ನಮ್ಮ ಯಜಮಾನರೇ ಬಂದು ಹೇಳುತ್ತಾರೆ ಎಂದೂ ಅಂದುಬಿಟ್ಟೆ. ಹಾಗಾಗಿ ಬಸ್ಸು ಅಲ್ಲೇ ನಿಂತಿದೆ. ಪೀಪಿಯನ್ನು ನಾನೊಬ್ಬಳೇ ಹತ್ತಿಸಲು ಮನಸ್ಸು ಬರಲಿಲ್ಲ. ಸೀಟಿಗೆ ಕರವಸ್ತ್ರ ಹಾಕಿಟ್ಟಿದ್ದೇನೆ.

ಬನ್ನಿ. ಕಥೆ ಮುಗಿಸಿ, ಬೇಕಾದರೆ ವಾಪಸ್ ಹೋಗಿ. ಇಲ್ಲ, ಅದು ಸುಳ್ಳು. ಹೋಗಬೇಡಿ, ನನಗೆ ನೀವು ಬೇಕು.

ನಿಮ್ಮ
ಅಡುಗೆಮನೆ ವಾದ್ಯಗೋಷ್ಠಿ

ತಾ.ಕ.: ಮರೆತದ್ದಲ್ಲ ರೀ. ಆನೆಯ ಆ ಮಾತು ನನಗೆ ಒಂದು ದಿನವೂ ಕೇಳಿಸಿಲ್ಲ. ನಾನು ಲಾಳಿಕೆ ಊದಿ ಘೀಳಿಟ್ಟ ಕೂಡಲೇ ಪೀಪಿ ನಗಲು ಶುರುಮಾಡುತ್ತಿದ್ದಳು, ಆ ನಗುವಿನಲ್ಲಿ ನಿಮ್ಮ ದನಿ ಮುಳುಗಿಹೋಗುತ್ತಿತ್ತು. ನಾಳೆ ಕೇಳಿದರಾಯಿತು ಎಂದುಕೊಳ್ಳುತ್ತಿದ್ದೆ.