ಹನ್ನೊಂದನೇ ಬೆಡ್‌ನ ಎಡಗೈ

ಮಾರ್ಚ್ 3, ಮಂಗಳವಾರ. ಬೆಳಗ್ಗೆ 11

ಹದಿನಾರು ಜನರ ಬಿ.ಪಿ. ಮುಗಿಯಿತು. ನರ್ಸಿಂಗ್ ಫಸ್ಟ್ ಇಯರ್‌ನವಳಿಗೆ ವಾರ್ಡಿನಲ್ಲಿ ಕೊಡುವ ಕೆಲಸ ಇದೇ. ಹನ್ನೊಂದನೇ ಬೆಡ್‌ನ ಗಾರೆ ಕೆಲಸದವನದ್ದು ಮಾತ್ರ ಆಗಲಿಲ್ಲ. ಕುಡಿತ ನಿಂತು ಮೂರನೇ ದಿನ; ಗೋಡೆಯಲ್ಲಿ ಹಾವು ಕಾಣುತ್ತಿದೆಯಂತೆ. ನಿನ್ನೆ ಪಕ್ಕದ ಬೆಡ್‌ನವನ ಕತ್ತು ಹಿಡಿದಿದ್ದ. ಕಟ್ಟಿಹಾಕಿ ಎಂದು ಡಾಕ್ಟರ್ ಬರೆದುಕೊಟ್ಟರು, ವಾರ್ಡಿನ ಆಯಮ್ಮ ಬಟ್ಟೆಯಲ್ಲಿ ಅವನ ಎರಡೂ ಕೈ ಮಂಚಕ್ಕೆ ಕಟ್ಟಿದರು.

"ಇದನ್ನ ಕ್ಲಾಸಲ್ಲಿ ಹೇಳೇ ಇಲ್ಲ ಆಯಮ್ಮ."

"ಕ್ಲಾಸಲ್ಲಿ ಯಾರಾದ್ರೂ ಒದ್ದಿದ್ರೆ ಹೇಳೋರು ಪುಟ್ಟಾ."

ಅದೇ ದಿನ, ಸಂಜೆ 6. ಹಾಸ್ಟೆಲ್

ಬಾತ್‌ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಯೂನಿಫಾರ್ಮ್‌ನ ರಕ್ತ ಹೋಗುತ್ತಿಲ್ಲ.

ಹನ್ನೆರಡಕ್ಕೆ ಅವನು ಅಳತೊಡಗಿದ. "ತಂಗೀ, ಎಡಗೈ ಮರಗಟ್ಟಿದೆ. ನಾನೇನು ದನಾನಾ?" ಎದುರು ಗೋಡೆಯಲ್ಲಿ ಪೇಷೆಂಟ್ ರೈಟ್ಸ್ ಬೋರ್ಡ್. ಡಿಗ್ನಿಟಿ — ಟೆಸ್ಟಿನಲ್ಲಿ ಬರೆದು ಫುಲ್ ಮಾರ್ಕ್ಸ್ ತಗೊಂಡವಳು ನಾನು. ಬೋರ್ಡಿನ ಕೆಳಗರ್ಧ, ಸಿಬ್ಬಂದಿಯ ಹೊಣೆ... ಅದು ಸೆಕೆಂಡ್ ಇಯರ್ ಪೋರ್ಷನ್. ಯಾರನ್ನೂ ಕೇಳಲಿಲ್ಲ. ಬಿಚ್ಚಿದೆ. ಎಡಗೈ ಮಾತ್ರ. ಎರಡೇ ನಿಮಿಷ ಅಂತ.

ನೀರು ತರಲು ತಿರುಗಿದೆ. ಆಯಮ್ಮ ಬೆಡ್‌ಪ್ಯಾನ್ ತೆಗೆಯಲು ಬಗ್ಗಿದ್ದರು. ಅವನು ಬಿಚ್ಚಿದ ಕೈಯಿಂದ ಡ್ರಿಪ್ ಸ್ಟ್ಯಾಂಡ್ ಎಳೆದು ಬೀಸಿಯೇಬಿಟ್ಟ. ಕೊಕ್ಕೆ ನೇರ ಆಯಮ್ಮನ ಬಲಗಣ್ಣಿಗೆ. ಹಸಿ ಸದ್ದು. ಆಯಮ್ಮ ಮುಖ ಮುಚ್ಚಿಕೊಂಡು ಕುಸಿದರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಸೆಕ್ಯೂರಿಟಿಯವರು ಇಬ್ಬರು ಬಂದು ಆ ಕೈಯನ್ನು ಮತ್ತೆ ಕಟ್ಟಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕಟ್ಟಿದ ಮೇಲೆ ಲಾಠಿ ತೆಗೆದರು. ಪಕ್ಕೆಗೆ, ಎದೆಗೆ, ಬಾಯಿಗೆ. ಹಲ್ಲೊಂದು ನನ್ನ ಶೂ ಪಕ್ಕ ಬಿತ್ತು. "ಸಾಕು ಅಣ್ಣಾ" ಎಂದೆ. ಎಂದೆನಾ? ಬಾಯಿ ಆಡಿತು, ದನಿ ಬರಲಿಲ್ಲ.

ಮಾರ್ಚ್ 4, ಬುಧವಾರ

ಇನ್‌ಚಾರ್ಜ್ ಸಿಸ್ಟರ್ ಸೈನ್‌ಗೆ ರಿಪೋರ್ಟ್ ಚಾಚಿದರು. ಅದರಲ್ಲಿದ್ದದ್ದು: ಆಯಾ ಸಡಿಲವಾಗಿ ಕಟ್ಟಿದ್ದರಿಂದ ಗಂಟು ಬಿಚ್ಚಿಕೊಂಡಿದೆ. ರೋಗಿ ಮಂಚದಿಂದ ಬಿದ್ದು ಪಕ್ಕೆಲುಬು ಮುರಿದಿದೆ.

"ಸಿಸ್ಟರ್, ಗಂಟು..."

"ನೀನು ನೋಡಿದ್ಯಾ? ನೋಡಿಲ್ಲ. ಕಾಲೇಜು ಸೇರಿ ಆರು ತಿಂಗಳಾಗಿಲ್ಲ, ಆಗ್ಲೇ ಗಂಟುಮೂಟೆ ಕಟ್ಟೋ ಆಸೆನಾ?"

ಸೈನ್ ಹಾಕಿದೆ.

ಮಾರ್ಚ್ 9, ಸೋಮವಾರ. 10.40

ಎನ್‌ಕ್ವೈರಿ ರೂಮಿನ ಹೊರಗೆ, ಬೆಂಚು. ಪಕ್ಕದಲ್ಲಿ ಆಯಮ್ಮ. ಆಪರೇಷನ್ ಮಾಡಿ ಅವರ ಬಲಗಣ್ಣು ತೆಗೆದಿದ್ದಾರೆ. ಕಾಂಟ್ರಾಕ್ಟ್ ಕೆಲಸ; ತಪ್ಪು ಅವರದ್ದೇ ಎಂದಾದರೆ ಇವತ್ತೇ ಮನೆಗೆ.

"ಇಪ್ಪತ್ತೆರಡು ವರ್ಷದಿಂದ ಕಟ್ತಿದೀನಿ ಪುಟ್ಟಾ, ಒಂದೂ ಬಿಚ್ಚಿರ್ಲಿಲ್ಲ. ವಯಸ್ಸಾಯ್ತು. ಕೈ ಸೋತಿರ್ಬೇಕು." ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಾರೆ.

ಎದುರು ಗಾರೆಯವನ ಹೆಂಡತಿ. "ಅಲ್ಲಮ್ಮಾ, ಕಟ್ಟಿ ಹಾಕಿದ್ದ ಮನುಷ್ಯ ಮಂಚದಿಂದ ಹೇಗೆ ಬಿದ್ದ? ನೀನು ಅಲ್ಲೇ ಇದ್ದೆಯಂತಲ್ಲ?"

ತಲೆ ಎತ್ತದೆ ಗೀಚುತ್ತಿದ್ದೇನೆ. ಒಳಗೆ ಹೋದರೆ ಮತ್ತೆ ದನಿ ಕೈಕೊಡುತ್ತದೆ, ಗೊತ್ತು. ಈ ಹಾಳೆಯನ್ನೇ ಹರಿದು ಮೇಜಿನ ಮೇಲಿಡುತ್ತೇನೆ. ಬಾಗಿಲು ತೆರೆಯಿತು, ಕರೆಯುತ್ತಿದ್ದಾರೆ — ಬರೆದುಬಿಡಬೇಕು: ಆಯಮ್ಮನ ಗಂಟು ಗಟ್ಟಿಯಾಗಿಯೇ ಇತ್ತು. ಬಿಚ್ಚಿದವಳು ನಾನು. ಅವನು ಬೀಳಲಿಲ್ಲ. ಕಟ್ಟಿದ ಮೇಲೆ ಅವನನ್ನು ಸೆಕ್ಯೂರಿಟಿಯವರು ಲಾಠಿಯಿಂದ ಹೊಡೆ—