ಅಕ್ಕನ ಬಾಣಂತನಕ್ಕೆ ಹಳೆಯದೊಂದು ಹೊಸ ಶೇಗಡಿ

ಪುಣೆ,
ಮಂಗಳವಾರ, ೯ ಜುಲೈ ೨೦೨೪

ಪ್ರೀತಿಯ ಮಾಧುರಿ ಅಕ್ಕಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ರಾತ್ರಿ ಮಗ್ಗಲು ಬದಲಿಸಲು ಆಗುವುದಿಲ್ಲ ಎಂದು ಅವ್ವನ ಮುಂದೆ ಹೇಳಿದೆಯಂತೆ, ಈಗ ಸ್ವಲ್ಪ ನಿದ್ದೆ ಬರುತ್ತದೆಯೇ? ಲೋಣಾವಳಾದಲ್ಲಿ ಎಂಟು ದಿನದಿಂದ ಮಳೆ ಒಂದೇ ಸಮ ಹೊಡೆಯುತ್ತಿದೆಯಂತೆ. ಒದ್ದೆ ಮೆಟ್ಟಿಲ ಮೇಲೆ ಓಡಾಡಬೇಡ. ಕಾಂತಪ್ಪ ಮಾವನವರ ಹೋಟೆಲಿನಲ್ಲಿ ಗಿರಾಕಿಗಳು ಹೇಗಿದ್ದಾರೆ, ಸುದೀಪ ಭಾವ ಈಗಲೂ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗಿರಾಕಿಗಳಿಗಿಂತ ಮೊದಲು ಬನ್ಸ್ ತಿನ್ನುತ್ತಾರೆಯೇ, ಎಲ್ಲಾ ತಿಳಿಸು. ಅಪ್ಪಿ ಅತ್ತೆಯವರು ನಿನಗೆ ದಿನಾ ಬೆಳಿಗ್ಗೆ ನೀರುದೋಸೆ ಹುಯ್ದು ಕೊಡುತ್ತಾರೆಂದು ಕೇಳಿದೆ. ಇಲ್ಲಿ ನಾನು ದಿನಾ ಬೆಳಿಗ್ಗೆ ರಾತ್ರಿಯ ರೊಟ್ಟಿ ತಿನ್ನುತ್ತೇನೆ. ಇದು ದೂರಲ್ಲ, ದಾಖಲೆ ಅಷ್ಟೇ.

ಕ್ಷೇಮಸಮಾಚಾರ ಮುಗಿಯಿತು. ಇನ್ನು ದೂರು. ಕಾಗದ ಯಾಕೆ, ಫೋನು ಸತ್ತಿದೆಯೇ ಎಂದು ನೀನು ಕೇಳಬಹುದು. ನಿಮ್ಮ ಮನೆಯಲ್ಲಿ ಫೋನು ಬಂದ ಕೂಡಲೆ ಸ್ಪೀಕರ್ ಹಾಕುತ್ತಾರೆ, ಕಾಂತಪ್ಪ ಮಾವ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಾರೆ. ನನ್ನ ದೂರು ಅಷ್ಟು ಜನರ ಮುಂದೆ ಹೇಳುವಂಥದ್ದಲ್ಲ. ಅದು ನಿನ್ನ ಹೊಟ್ಟೆಯಲ್ಲಿರುವ ಮಹನೀಯರ ಮೇಲೆ. ಹತ್ತೊಂಬತ್ತು ವರ್ಷ ಈ ಮನೆಯಲ್ಲಿ ಎಲ್ಲರಿಗಿಂತ ಸಣ್ಣವನು ನಾನು. ಹಬ್ಬದ ಮೊದಲ ಹೋಳಿಗೆ, ಜ್ವರ ಬಂದಾಗ ಅಜ್ಜಿಯ ಮಡಿಲು, ಬೈಗುಳದ ಕೊನೆಗೊಂದು ರಿಯಾಯಿತಿ, ಇವೆಲ್ಲ ನನ್ನ ಹುಟ್ಟಿನ ಹಕ್ಕು. ಈಗ ಹೆಸರಿಲ್ಲದ, ಹಲ್ಲಿಲ್ಲದ, ಅಕ್ಟೋಬರಿಗೆ ಮುಂಚೆ ಮುಖ ತೋರಿಸಲೂ ಸಿದ್ಧವಿಲ್ಲದ ಒಬ್ಬರಿಗಾಗಿ ನನ್ನ ಕೋಣೆಗೆ ಸುಣ್ಣ ಬಳಿದಿದ್ದಾರೆ. ನನ್ನ ಮಂಚ ನಿನಗಂತೆ, ನಾನು ಅಪ್ಪಾಜಿಯ ಗೊರಕೆಯ ಪಕ್ಕದಲ್ಲಿ ಚಾಪೆಗೆ. ಕಾಲೇಜಿನ ಕಬಡ್ಡಿ ತಂಡದ ನನ್ನ ಅಂಗಿ, ಒಗೆದು ಒಗೆದು ಬೆಣ್ಣೆಯ ಹಾಗೆ ಆಗಿತ್ತಲ್ಲ, ಅದನ್ನು ಅಜ್ಜಿ ಹರಿದು ನಾಲ್ಕು ಲಂಗೋಟಿ ಮಾಡಿಟ್ಟಿದ್ದಾಳೆ. ಅದರ ಬೆನ್ನ ಮೇಲಿದ್ದ ಏಳನೇ ನಂಬರು ಇನ್ನು ಮೇಲೆ ಬೆನ್ನಿಗಿಂತ ತುಸು ಕೆಳಗೆ ರಾರಾಜಿಸಲಿದೆ. "ಅಜ್ಜಿ, ಕೇಳಿ ಹರೀಬೇಕಿತ್ತಲ್ಲ" ಅಂದರೆ, "ಕೂಸಿನ ಮೈಗೆ ಮೆತ್ತಗಿರಬೇಕೋ ಮಾಂತು. ನೀ ಏನು ಕೂಸೇನು?" ಎಂದಳು. ಹೌದು, ನಾನು ಕೂಸಲ್ಲ. ಈ ಮನೆಯಲ್ಲಿ ಅದನ್ನು ಯಾರಾದರೂ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಇಷ್ಟೆಲ್ಲ ಸಿದ್ಧತೆ ನಡೆದಿರುವಾಗ ಹೋದ ತಿಂಗಳು ಅಪ್ಪಿ ಅತ್ತೆಯವರ ಫೋನು ಬಂತು. ನೀನು ಅಲ್ಲಿಯೇ ಇದ್ದೆಯೋ ಇಲ್ಲವೋ ತಿಳಿಯದು. "ನಿಮ್ಮಲ್ಲಿ ಬಾಣಂತಿಯನ್ನು ಹೊಗೆಯಲ್ಲಿ ಕೂರಿಸ್ತೀರಂತಲ್ಲ. ನಮ್ಮ ಹುಡುಗಿಗೆ ಅದೆಲ್ಲ ಆಗ್ಲಿಕ್ಕಿಲ್ಲ. ಶ್ರಾವಣದಲ್ಲಿ ಸೀಮಂತ ಬೇಕಾದರೆ ಮಾಡಿ, ಊಟ ಮಾಡಿಕೊಂಡು ಹೋಗಿ. ಹೆರಿಗೆ, ಬಾಣಂತನ ಇಲ್ಲೇ ಆಗ್ಲಿ" ಎಂದರು. ಅವ್ವ ಫೋನು ಕೆಳಗಿಟ್ಟು, "ಚೊಚ್ಚಲ ಹೆರಿಗಿ, ತವರುಮನಿ ಬಿಟ್ಟು?" ಎಂದು ಒಮ್ಮೆ ಗೋಡೆಯನ್ನು ಕೇಳಿದಳು. ನೀನೂ ಸಂಜೆ ಫೋನಿನಲ್ಲಿ "ಅತ್ತೆ ಹೇಳಿದ ಹಾಗೆ" ಎಂದೆ. ಆ ದಿನ ಅವ್ವ ರೊಟ್ಟಿ ಬಡಿದ ಸದ್ದಿಗೆ ಕೆಳಗಿನ ಮನೆಯ ಕುಲಕರ್ಣಿ ಕಾಕೂ ಮೇಲೆ ಬಂದು, "ಏನು ಕೆಲಸ ನಡೆಸಿದ್ದೀರಿ, ಗೋಡೆ ಒಡೆಯುತ್ತಿದ್ದೀರಾ" ಎಂದು ಮರಾಠಿಯಲ್ಲಿ ವಿಚಾರಿಸಿ ಹೋದರು.

ಅಜ್ಜಿ ಮಾತ್ರ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಅಟ್ಟದ ಮೇಲಿಂದ ನಮ್ಮ ಮನೆಯ ಆ ಸಣ್ಣ ಇದ್ದಲಿ ಒಲೆಯನ್ನು, ಶೇಗಡಿಯನ್ನು, ನನ್ನಿಂದ ಇಳಿಸಿದಳು. ಅಪ್ಪಾಜಿ, ನೀನು, ನಾನು, ಹುಟ್ಟಿದಾಗ ಮೂವರನ್ನೂ ಬೆಚ್ಚಗೆ ಕಾಸಿದ ಶೇಗಡಿ. ಎರಡು ಹಿಡಿ ಇದ್ದಲಿ ಹಾಕಿ ಹೊತ್ತಿಸಿ ಎದುರಿಗೆ ಕೂತಳು. ತಳ ತುಕ್ಕು ತಿಂದಿತ್ತು, ಜಾಲರಿ ಮುರಿದಿತ್ತು, ಪಕ್ಕದಲ್ಲಿ ಬೆರಳು ಹೋಗುವಷ್ಟು ತೂತು. ಅವ್ವ ಕೆಮ್ಮಿದಳು, ನಾನು ಕೆಮ್ಮಿದೆ, ಅಜ್ಜಿ ಕೆಮ್ಮಲಿಲ್ಲ. ನಮ್ಮಿಬ್ಬರ ಮುಖ ನೋಡಿ, "ಬೀಗತಿ ಅಂದದ್ದು ಖರೆ ಅದ. ನನಗ ಮೂಗು ಸತ್ತದ, ಹೊಗಿ ತಿಳೀಲಿಲ್ಲ" ಎಂದಳು. ಅಷ್ಟು ಹೇಳಿ ನೀರು ಚಿಮುಕಿಸಿ ಕೆಂಡ ಆರಿಸಿದಳು. ಅಕ್ಕಾ, ರುದ್ರವ್ವ ಅಜ್ಜಿ ಯಾವ ಬೀಗರ ಮಾತನ್ನಾದರೂ ಖರೆ ಎಂದದ್ದನ್ನು ನೀನು ಕೇಳಿದ್ದೀಯಾ? ಮರುದಿನವೇ ಹುಕುಮು ಹೊರಟಿತು. ಹೊಗೆ ಬಿಡದ ಶೇಗಡಿ ತರಬೇಕು, ತಂದು ಬೀಗತಿಗೆ ತೋರಿಸಬೇಕು, ಮೊಮ್ಮಗಳನ್ನು ಕರೆತರಬೇಕು. ತರುವ ಕೆಲಸ ಯಾರಿಗೆ? ಮಂಚ ಕಳೆದುಕೊಂಡವನಿಗೆ.

ಹೊಸದನ್ನು ತಂದರಾಯಿತು ಎಂದು ಅಪ್ಪಾಜಿ ಹೇಳಿದರು. ಅಂಗಡಿಯ ಹೊಸ ಶೇಗಡಿಗಳನ್ನು ಅಜ್ಜಿ ಬೆರಳಿನಿಂದ ತಟ್ಟಿ ನೋಡಿ, "ಡಬ್ಬಿ ತಗಡು" ಎಂದು ತಿರಸ್ಕರಿಸಿದಳು. ಕೊನೆಗೆ ಹಳೇ ಸಾಮಾನು ಮಾರುವ ಜುನಾ ಬಜಾರಿನ ಹತ್ತಿರ ಅವಧೂತ ಎಂಬುವರ ಅಂಗಡಿ ಸಿಕ್ಕಿತು. ಹಳೆಯ ದಪ್ಪ ಕಬ್ಬಿಣದ ಶೇಗಡಿಗಳನ್ನು ಕೊಂಡು, ಕೊಳೆತ ತಳ ಕತ್ತರಿಸಿ ಹೊಸ ತಗಡು ಬೆಸೆದು, ಜಾಲರಿ ಬದಲಿಸಿ, ಒಳಗೆ ಮಣ್ಣು ಮೆತ್ತಿ, ಬೆಳ್ಳಿಬಣ್ಣ ಹೊಡೆದು ಮಾರುತ್ತಾರೆ. ಹನ್ನೊಂದು ಶೇಗಡಿಗಳು ಸಾಲಾಗಿ ಕೂತಿದ್ದವು, ಮದುವೆಗೆ ಬಂದ ಬೀಗರ ಹಾಗೆ, ಎಲ್ಲವೂ ಒಂದೇ ಬಣ್ಣ. ಅಜ್ಜಿ ಮೊದಲನೆಯದರ ಮುಂದೆ ನಿಂತು, "ಇದು ಯಾರ ಮನ್ಯಾಗ ಉರದದ್ದು?" ಎಂದಳು. ನಾನು ಮರಾಠಿಗೆ ತಿರುಗಿಸಿದೆ. ಇಸ್ತ್ರಿ ಅಂಗಡಿಯದಂತೆ. "ಬ್ಯಾಡ. ಹೊತ್ತು ಮುಣುಗೂತನಾ ಮಂದಿ ಅರಿವಿ ಸುಟ್ಟದ್ದು. ಕೂಸಿಗೆ ಎಷ್ಟು ಕಾವು ಬೇಕು ಅದಕ್ಕೇನು ತಿಳೀತದ?" ಎರಡನೆಯದು ಮೆಕ್ಕೆತೆನೆ ಸುಡುವ ಗಾಡಿಯದು, ಬೇಡ, ಬೀದಿ ಅಲೆದ ಅಭ್ಯಾಸ. ಮೂರನೆಯದು ಒಬ್ಬ ಬ್ರಹ್ಮಚಾರಿ ಮಾಸ್ತರರ ಚಹಾದ ಶೇಗಡಿ. ಅಜ್ಜಿ ಉತ್ತರ ಕೊಡುವ ಗೋಜಿಗೂ ಹೋಗದೆ ಮುಂದೆ ನಡೆದಳು. ಅವಳ ನಿಯಮ ಸರಳ. ಬಾಣಂತಿ ಕೋಣೆಗೆ ಪರರ ಶೇಗಡಿ ಬರಬಹುದು, ಆದರೆ ಅದು ಮೊದಲು ಇನ್ನೊಬ್ಬ ಬಾಣಂತಿಯನ್ನು ಕಾಸಿರಬೇಕು, ಆ ತಾಯಿ ಮಗು ಇಬ್ಬರೂ ಗಟ್ಟಿಮುಟ್ಟಾಗಿರಬೇಕು, ಮತ್ತು ಅದನ್ನು ಕಣ್ಣಾರೆ ಕಂಡವರು ಬಾಯಾರೆ ಹೇಳಬೇಕು. ಅವಧೂತ ಕಾಕಾ ಕೈಜೋಡಿಸಿ, "ಆಜಿ, ಶೇಗಡಿ ಆಹೆ, ಮುಲಗಿ ನಾಹಿ" ಎಂದರು, ಅಂದರೆ ಇದು ಒಲೆ ಅಜ್ಜೀ, ಹೆಣ್ಣಲ್ಲ ಎಂದು. ನಾನು ಅದನ್ನು ಅಜ್ಜಿಗೆ ಯಥಾವತ್ತಾಗಿ ಹೇಳಿದೆ. "ಹೆಣ್ಣು ನೋಡಲಿಕ್ಕ ಇಷ್ಟು ಯಾಕ ಕೇಳಬೇಕು? ಹೆಣ್ಣು ತಾನ ಹೇಳತದ. ಇದಕ್ಕ ಬಾಯಿ ಇಲ್ಲ" ಎಂದಳು. ಅವಧೂತ ಕಾಕಾ ಸೋತು, ಬಾಣಂತನ ಕಂಡಿದ್ದ ಏಳನೆಯ ಶೇಗಡಿ ಕೊಟ್ಟವರ ವಿಳಾಸ ಬರೆದುಕೊಟ್ಟರು.

ಹೀಗಾಗಿ ಜೂನ್ ಕೊನೆಯ ಭಾನುವಾರ ಶೇಗಡಿಯ ತವರುಮನೆಗೆ, ಖಡಕಿಗೆ, ನಾವು ಹೋದೆವು. ಅಜ್ಜಿ ಇಳಕಲ್ ಸೀರೆ ಉಟ್ಟಿದ್ದಳು, ನನಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿದ್ದಳು. ಮನೆಯಾಕೆ ತಾಯಮ್ಮ, ಗುಲಬರ್ಗಾ ಕಡೆಯವರು, ಅಜ್ಜಿಯ ಓರಗೆಯವರೇ. ಮಗನ ಹೊಸ ಫ್ಲ್ಯಾಟಿನಲ್ಲಿ ಇದ್ದಲಿಗೆ ಜಾಗವಿಲ್ಲವೆಂದು ಶೇಗಡಿ ಕೊಟ್ಟಿದ್ದರಂತೆ. ಅಜ್ಜಿ ಪ್ರಶ್ನೆ ಕೇಳುವ ಮೊದಲೇ ಅವರೇ ಶುರುಮಾಡಿದರು. "ಎಷ್ಟನೇ ಹೆರಿಗಿ? ಹುಡುಗಿ ತೆಳ್ಳಗ ಅದಾಳೋ ದಪ್ಪೋ? ಕಾಸಾಕಿ ಯಾರು, ನೀವೇ ಏನ್ರಿ? ಕೈ ನಡಗತಾವಲ್ರಿ ನಿಮ್ಮವು?" ಅಜ್ಜಿ ಕೈಗಳನ್ನು ಸೆರಗಿನೊಳಗೆ ಸೇರಿಸಿದಳು. "ಶೇಗಡಿ ಹಿಡಿದರ ನಡಗೂದಿಲ್ಲ" ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ಅರ್ಧ ಗಂಟೆ ಪರೀಕ್ಷಿಸಿದರು. ನಡುವೆ ಅವಲಕ್ಕಿ ಬಂತು, ಚಹಾ ಬಂತು, ನನ್ನನ್ನು ಯಾರೂ ಏನೂ ಕೇಳಲಿಲ್ಲ. ತಾಯಮ್ಮ ಕೊನೆಗೆ, "ಮೂರು ಬಾಣಂತನ ಮಾಡೇನ್ರಿ ಇದರ ಮ್ಯಾಲೆ. ದೊಡ್ಡಾಂವ ಈಗ ಇಂದಾಪುರದ ಬಸ್ಸು ಹೊಡೀತಾನ, ಎರಡು ಕೈಲೆ ಸ್ಟೇರಿಂಗ್ ಹಿಡಿದ್ರ ಬಸ್ಸು ಅಂಜತದ" ಎಂದರು. ಅಜ್ಜಿ ಎದ್ದು ನಿಂತಳು. ಸಂಬಂಧ ಒಪ್ಪಿಗೆಯಾಗಿತ್ತು.

ಅವಧೂತ ಕಾಕಾನ ಅಂಗಡಿಯಿಂದ ಅದನ್ನು ರಿಕ್ಷಾದಲ್ಲಿ ತಂದೆವು. ಅಜ್ಜಿ ಸೀಟಿನ ಮೇಲೆ, ಶೇಗಡಿ ಅವಳ ಮಡಿಲಲ್ಲಿ, ನಾನು ಡ್ರೈವರನ ಪಕ್ಕ ಅರ್ಧ ಒಳಗೆ ಅರ್ಧ ಮಳೆಯಲ್ಲಿ. ಬಾಗಿಲಲ್ಲಿ ಅವ್ವ ಅದಕ್ಕೆ ಆರತಿ ಎತ್ತಿದಳು, ಅರಿಸಿನ ಕುಂಕುಮ ಹಚ್ಚಿದಳು. ಹನ್ನೆರಡನೇ ತರಗತಿ ಪಾಸಾಗಿ ಬಂದ ದಿನ ನನಗೆ ಇದೇ ಬಾಗಿಲಲ್ಲಿ "ಚಪ್ಪಲಿ ಹೊರಗ ಬಿಡು" ಎಂದಿದ್ದಳು. ಕುಲಕರ್ಣಿ ಕಾಕೂ ನೋಡಲು ಬಂದರು, ಮೇಲಿನವರು ಬಂದರು, ಎಲ್ಲರೂ ಅದರ ಪುಟ್ಟ ಬೂದಿಬಾಗಿಲನ್ನು ತೆರೆದು ಮುಚ್ಚಿ ಹೊಗಳಿದರು. ಒಂದು ಕಬ್ಬಿಣದ ಸಾಮಾನಿನ ಮೇಲೆ ಹೊಟ್ಟೆಕಿಚ್ಚು ಪಡುವ ಸ್ಥಿತಿಗೆ ನಿನ್ನ ತಮ್ಮ ಬಂದು ಮುಟ್ಟಿದ್ದಾನೆ. ಅಂಟಿನ ಉಂಡೆಗೆಂದು ತಂದ ಒಣಕೊಬ್ಬರಿಯಲ್ಲಿ ಒಂದು ಬಟ್ಟಲು ಕದ್ದು ತಿಂದು ಸಮಾಧಾನ ಮಾಡಿಕೊಂಡೆ. ಬಾಣಂತಿಗೆ ಅದರ ಕೊರತೆ ಬೀಳದು, ಇನ್ನೂ ಹದಿನಾಲ್ಕು ಇವೆ.

ತಮಾಷೆ ಬಿಟ್ಟು ಹೇಳುವುದಾದರೆ, ಶೇಗಡಿ ಒಳ್ಳೆಯದು. ಅವ್ವ ಡಾಕ್ಟರಮ್ಮನನ್ನೂ ಕೇಳಿ ಬಂದಿದ್ದಾಳೆ. ಮುಚ್ಚಿದ ಕೋಣೆಯಲ್ಲಿ ಇದ್ದಲಿ ಹೊತ್ತಿಸಲೇಬಾರದು, ಜೀವಕ್ಕೇ ಅಪಾಯ ಎಂದು ಅವರು ಗದರಿಸಿ ಹೇಳಿದರಂತೆ. ಅದಕ್ಕೇ ಈಗ ಶೇಗಡಿಯ ಸ್ಥಾನ ಹೊರಗಿನ ಗ್ಯಾಲರಿ. ಅಲ್ಲಿ ಅರಿವೆ ಕಾಸಿ, ಒಳಗೆ ತಂದು ಶಾಖ ಕೊಡುವುದು. ಅಜ್ಜಿ ಅದಕ್ಕೂ ಒಪ್ಪಿದ್ದಾಳೆ. ನಾಲ್ಕು ದಿನದಿಂದ ತಾಲೀಮು ನಡೆದಿದೆ. ಅಜ್ಜಿ ಗ್ಯಾಲರಿಯಲ್ಲಿ ಅರಿವೆ ಕಾಸಿ ಕೆನ್ನೆಗೆ ಒತ್ತಿ ನೋಡಿಕೊಂಡು, ಒಳಗೆ ನಡೆದು ಬರುತ್ತಾಳೆ, ಬರುವಷ್ಟರಲ್ಲಿ ಎಷ್ಟು ಆರುತ್ತದೆಂದು ಲೆಕ್ಕ ಹಾಕುತ್ತಾಳೆ. ಒಳಗೆ ಮಂಚದ ಮೇಲೆ ಬಾಣಂತಿಯ ಪಾತ್ರದಲ್ಲಿ ನಾನು. ಬೆನ್ನಿಗೆ ಶಾಖ ಹಿತವಾಗಿತ್ತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಿನ್ನೆ ಅಜ್ಜಿ ಅಪ್ಪಾಜಿಗೆ ಹೇಳಿದಳು, "ಸಿದ್ರಾಮಾ, ಬೀಗತಿಗೆ ಫೋನ್ ಹಚ್ಚು. ಇಲ್ಲಿ ಹೊಗಿ ಇಲ್ಲ ಅಂತ ಹೇಳು." ಅಪ್ಪಾಜಿ ಹಚ್ಚಿದರು. ಅಪ್ಪಿ ಅತ್ತೆಯವರು, "ಹೊಗೆ ಹಾಕ್ತೇವೆ ಅಂತ ನಿಮ್ಮ ಮನೆಯವರೇ ಹೇಳಿದ ಮೇಲೆ ಇನ್ನು ಎಂತ ಉಂಟು? ನನಗೆ ಧೈರ್ಯ ಇಲ್ಲ" ಎಂದು ಮೆತ್ತಗೆ ಹೇಳಿ ಫೋನು ಇಟ್ಟರಂತೆ. ಅಪ್ಪಾಜಿ ಆ ಮಾತನ್ನು ನಮಗೆ ಹೇಳಿ, ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕೂತರು. ಅಜ್ಜಿ, "ನಾನ ಏನರ ಅಂದಿರಬೇಕು, ಈಗ ನೆನಪಿರೂದಿಲ್ಲ ನನಗ" ಎಂದಳು. ಇವತ್ತು ತಾಲೀಮು ಆಗಲಿಲ್ಲ. ಶೇಗಡಿ ಗ್ಯಾಲರಿಯಲ್ಲಿ ಗೋಣಿಚೀಲ ಹೊದ್ದು ಕೂತಿದೆ, ಅಜ್ಜಿ ಒಳಗೆ.

ಊಟ ಹೊತ್ತಿಗೆ ಸರಿಯಾಗಿ ಮಾಡು, ಭಾರ ಎತ್ತಬೇಡ. ಕಾಂತಪ್ಪ ಮಾವನವರಿಗೂ ಅಪ್ಪಿ ಅತ್ತೆಯವರಿಗೂ ನನ್ನ ನಮಸ್ಕಾರ, ಸುದೀಪ ಭಾವನಿಗೆ ಒಂದು ಬನ್ಸಿನಷ್ಟು ಪ್ರೀತಿ. ಅಪ್ಪಾಜಿ, ಅವ್ವ, ಅಜ್ಜಿಯ ಆಶೀರ್ವಾದವನ್ನು ಅವರ ಪರವಾಗಿ ನಾನೇ ಬರೆಯುತ್ತಿದ್ದೇನೆ. ಕಾಗದದ ವಿಷಯ ಅವರಿಗೆ ಗೊತ್ತಿಲ್ಲ. ಹೊಟ್ಟೆಯಲ್ಲಿರುವ ಮಹನೀಯರಿಗೆ ಸದ್ಯಕ್ಕೆ ಏನೂ ಇಲ್ಲ.

ಹುದ್ದೆ ಕಳೆದುಕೊಳ್ಳಲಿರುವ,
ಈ ಮನೆಯ ಹಾಲಿ ಕಿರಿಯ,
ಮಾಂತು

ತಾ.ಕ.: ಅತ್ತೆಯವರಿಗೆ ಹೇಳಿದವನು ನಾನು. ಮೇ ತಿಂಗಳಲ್ಲಿ ಅವರು ಫೋನು ಮಾಡಿದಾಗ ಅವ್ವ ಸ್ನಾನಕ್ಕೆ ಹೋಗಿದ್ದಳು. ಬಾಣಂತನ ಹೇಗೆ ಮಾಡುತ್ತೀರಿ ಎಂದು ಕೇಳಿದರು. ಬಾಗಿಲು ಕಿಟಕಿ ಮುಚ್ಚಿ ನಲವತ್ತು ದಿನ ಮಂಚದ ಕೆಳಗೆ ಹೊಗೆ ಹಾಕುತ್ತೇವೆ, ನಮ್ಮ ಚಿಕ್ಕಮ್ಮ ಹೊರಗೆ ಬಂದಾಗ ನಿಮ್ಮ ಕಡೆಯ ಒಣಮೀನಿನ ಹಾಗೆ ಆಗಿದ್ದಳು, ಚಿಕ್ಕಪ್ಪನಿಗೇ ಗುರುತು ಹತ್ತಲಿಲ್ಲ ಎಂದೆ. ಗಂಭೀರವಾಗಿಯೇ ಹೇಳಿದೆ, ನಿನಗೆ ನನ್ನ ದನಿ ಗೊತ್ತಲ್ಲ. ನಗುತ್ತಾರೆ ಅಂದುಕೊಂಡೆ. "ಹೌದಾ ಮಾರಾಯ?" ಎಂದರು. ಆಗಲೇ ಸುಳ್ಳು ಎನ್ನಬಹುದಿತ್ತು. ಅನ್ನಲಿಲ್ಲ. ನೀನು ಬಾರದಿದ್ದರೆ ಆ ಕೂಸೂ ಬರುವುದಿಲ್ಲ, ಎಲ್ಲಾ ಮೊದಲಿನ ಹಾಗೇ ಇರುತ್ತದೆ ಅನ್ನಿಸಿ ಆ ಒಂದು ಕ್ಷಣ ಖುಷಿಯಾಯಿತು ಅಕ್ಕಾ. ಅಜ್ಜಿ ತನ್ನ ಮೂಗನ್ನು, ತನ್ನ ನೆನಪನ್ನು ಬೈದುಕೊಳ್ಳುತ್ತಿದ್ದಾಳೆ, ಅವೆರಡರದೂ ತಪ್ಪಿಲ್ಲ. ಇಂದು ಸಂಜೆ ಅವಳಿಗೂ ಅಪ್ಪಾಜಿಗೂ ಹೇಳುತ್ತೇನೆ. ಬರುವ ಭಾನುವಾರ ಬೆಳಗಿನ ಲೋಕಲ್ ರೈಲಿಗೆ ಅಲ್ಲಿಗೆ ಬಂದು ಅತ್ತೆಯವರ ಎದುರು ನಿಂತು ಹೇಳುತ್ತೇನೆ. ಆ ಹೊತ್ತಿಗೆ ನೀನು ದಯವಿಟ್ಟು ಒಳಗಿನ ಕೋಣೆಯಲ್ಲಿರು. ನಿನ್ನ ಮುಖ ಕಂಡರೆ ನನಗೆ ನಗು ಬರುತ್ತದೆ, ನಾನು ನಕ್ಕರೆ ಅವರು ಇದನ್ನೂ ನಂಬುವುದಿಲ್ಲ.