ಆಸ್ಪತ್ರೆ ರಸ್ತೆಯ ನಡುಗೆರೆ

10 ಫೆಬ್ರವರಿ 2003, ಸೋಮವಾರ

ಇವತ್ತೂ ಸೋಸಲೆ ಬಸ್ಸು ತಡ. ನರಸೀಪುರದಲ್ಲಿ ಇಳಿದವಳು ಆಫೀಸಿಗೆ ಹೋಗದೆ ನೇರ ಆಸ್ಪತ್ರೆ ರಸ್ತೆಗೆ ನಡೆದೆ. ಚಿಕ್ಕಮಾದು ಬಿಳಿ ಪೇಂಟಿನ ಡಬ್ಬಿ ಹಿಡಿದು ಕಾಯುತ್ತಿದ್ದರು. ಮೂವತ್ತು ವರ್ಷ ಸರಪಳಿ ಎಳೆದು ರಸ್ತೆ ಅಳೆದ ಮನುಷ್ಯ. ನಾನು ಜೂನಿಯರ್ ಎಂಜಿನಿಯರ್ ಆಗಿ ಒಂದೂಕಾಲು ವರ್ಷ. ಪ್ರೊಬೇಷನ್ ಇನ್ನೂ ಮುಗಿದಿಲ್ಲ.

ಪಾರ್ಕಿನ ಅಂಚಿನ ಹನ್ನೊಂದು ಹೊಂಗೆ ಮರಗಳಿಗೆ ನಂಬರ್ ಬರೆಸಿದೆ. ರಸ್ತೆ ಅಗಲವಾಗಬೇಕು — ನಡುಗೆರೆಯಿಂದ ಎರಡೂ ಕಡೆ ಏಳೂವರೆ ಮೀಟರ್. ಹನ್ನೊಂದೂ ಒಳಗೆ ಬರುತ್ತವೆ. ಕಡಿಯಲೇಬೇಕು.

ನೆರಳಲ್ಲಿ ಆಸ್ಪತ್ರೆಗೆ ಬಂದ ಹಳ್ಳಿಯವರು. ಬುತ್ತಿ ಬಿಚ್ಚಿಕೊಂಡು ಕೂತಿದ್ದ ಮೂಗೂರಿನ ಹೆಂಗಸೊಬ್ಬಳು ಕೇಳಿದಳು, "ನಂಬರ್ ಯಾಕವ್ವ, ಮರ ಎಣಿಸಕಾ?" ಹೌದು ಅಂದುಬಿಟ್ಟೆ.

ಊಟ ಎಂದಿನಂತೆ ಎದುರು ಬದಿಯ ರುದ್ರಮ್ಮನ ಹೋಟೆಲಿನಲ್ಲಿ. ಜಗಲಿಯ ಮೇಲೆ ಒಲೆ, ಒಳಗೆ ನಾಲ್ಕು ಬೆಂಚು, ಅಷ್ಟೇ. "ನಿಂಗೆ ಅಂತ ಕಾಳು ಎತ್ತಿಟ್ಟಿವ್ನಿ ಕಣ್ ಮಗ" ಅಂತ ಬಸ್ಸಾರಿನ ಪಕ್ಕ ಒಂದು ಸೌಟು ಪಲ್ಯ ಹಾಕಿದರು. ಅವರ ಜಗಲಿ ಗೆರೆಯ ಆಚೆ ಉಳಿಯುತ್ತದೆ. ಸಮಾಧಾನ.

24 ಫೆಬ್ರವರಿ, ಸೋಮವಾರ, ಸಂಜೆ

ತಪ್ಪಾಗಿದೆ. ನನ್ನಿಂದ.

ಪಾರ್ಕಿನ ಮೂಲೆಯಲ್ಲಿ ಲಂಟಾನ ಪೊದೆ ಸವರಿಸುತ್ತಿದ್ದಾಗ ಚಿಕ್ಕಮಾದು ಕೂಗಿದರು. "ಇಲ್ಲಿ ನೋಡಿ ಮೇಡಂ, ಬಾಂದುಕಲ್ಲು." ಹಳೇ ಗಡಿ ಕಲ್ಲು. ಎದುರು ಬದಿಯ ಚರಂಡಿ ಪಕ್ಕದಲ್ಲಿ ಅದರ ಜೋಡಿಯೂ ಸಿಕ್ಕಿತು. ಎರಡರ ನಡುವೆ ಅಳೆದೆವು. ನಿಜವಾದ ನಡುಗೆರೆ ನಾನು ಹಾಕಿದ್ದಕ್ಕಿಂತ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಹೋಟೆಲಿನ ಕಡೆಗಿದೆ. ನಾನು ಟಾರಿನ ನಡುವನ್ನೇ ರಸ್ತೆಯ ನಡು ಅಂದುಕೊಂಡಿದ್ದೆ. ಚರಂಡಿ ಕಟ್ಟಿದಾಗ ಟಾರನ್ನು ಪಾರ್ಕಿನ ಕಡೆಗೆ ಮಾತ್ರ ಬೆಳೆಸಿದ್ದರಂತೆ. ಹಳೆಯ ನಕ್ಷೆ ತರಿಸಿ ನೋಡಬೇಕಿತ್ತು. ನೋಡಲಿಲ್ಲ.

ಅಂದರೆ ಒಂದು ಮರವೂ ರಸ್ತೆಗೆ ಬರುವುದಿಲ್ಲ. ಬರುವುದು ರುದ್ರಮ್ಮನ ಜಗಲಿ.

"ಮರ ಕಡಿಯಾಕೆ ಆರ್ಡರ್ ಆಗೋಗದೆ ಮೇಡಂ. ಪ್ರೊಬೇಷನ್ ಮುಗಿಯಗಂಟ ಸುಮ್ಕಿದ್ಬುಡಿ" ಅಂದರು ಚಿಕ್ಕಮಾದು.

"ಮತ್ತೆ ಕಲ್ಲು ಯಾಕೆ ತೋರಿಸಿದ್ರಿ?"

"ಕಂಡಿದ್ದ ತೋರಿಸ್ದೆ. ಸಾಹೇಬ್ರಿಗ್ ಏಳೋದು ಬುಡೋದು ನಿಮ್ದು."

ಊಟಕ್ಕೆ ಹೋದೆ. ತಟ್ಟೆಯಲ್ಲೇ ಮುದ್ದೆ ಮುರಿಯುತ್ತ ಕೂತೆ. "ಯಾಕ್ ಮಗ, ಉಪ್ಪು ಜಾಸ್ತಿಯಾಯ್ತಾ?" ಅಂದರು ರುದ್ರಮ್ಮ. ಇಲ್ಲ ಅಂದೆ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

27 ಫೆಬ್ರವರಿ

ಹೇಳಲಿಲ್ಲ. ನಮ್ಮ ಮೇಲಿನ ಎಂಜಿನಿಯರ್ ನಟರಾಜ್ ಸರ್ ಮೀಟಿಂಗಿಗೆ ಮೈಸೂರಿಗೆ ಹೋಗಿದ್ದರು... ಅದೊಂದು ನೆಪ. ನಿನ್ನೆ ಇಲ್ಲೇ ಇದ್ದರಲ್ಲ. ನಾನೇ ಸಹಿಗೆ ಫೈಲು ಹಿಡಿದು ಎದುರಿಗೆ ನಿಂತಿದ್ದೆ.

ಮರ ಉಳಿಸಿದರೆ ಒಂದು ಹೆಂಗಸಿನ ಒಲೆ ಹೋಗುತ್ತದೆ. ಸುಮ್ಮನಿದ್ದರೆ ನೂರಾರು ಜನರ ನೆರಳು. ಜಗಲಿ ಇರುವುದು ಸರ್ಕಾರದ ಜಾಗದಲ್ಲಿ, ಸರಿ. ಆದರೆ ಆ ಜಾಗದಲ್ಲಿ ಹದಿನೆಂಟು ವರ್ಷದಿಂದ ಅನ್ನ ಬೇಯುತ್ತಿದೆ. ಇದನ್ನೆಲ್ಲ ತೂಗುತ್ತ ಕೂರುವುದು ಸುಲಭ. ತೂಗುತ್ತಿರುವಷ್ಟು ಹೊತ್ತು ನನ್ನ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ.

6 ಮಾರ್ಚ್, ಗುರುವಾರ

ಬೆಳಿಗ್ಗೆ ಬಸ್ಸಿನ ಕಿಟಕಿಯಿಂದಲೇ ಕಂಡಿತು — ಪಾರ್ಕಿನ ಒಂದು ತುದಿಯಲ್ಲಿ ಆಕಾಶ ಬಯಲಾಗಿತ್ತು. ನಾಳೆ ಶುರು ಅಂದಿದ್ದ ಕಂಟ್ರಾಕ್ಟರು ಇವತ್ತೇ ಆಳು ಇಳಿಸಿದ್ದ. ಒಂದು, ಎರಡು, ಮೂರು ನಂಬರಿನವು ನೆಲದ ಮೇಲೆ. ನಾಲ್ಕಕ್ಕೆ ಹಗ್ಗ ಕಟ್ಟುತ್ತಿದ್ದರು. "ನಿಲ್ಲಿಸಿ" ಅಂದೆ. "ಬರವಣಿಗೇಲಿ ಕೊಡಿ ಮೇಡಂ" ಅಂದ ಮೇಸ್ತ್ರಿ. ಚಿಕ್ಕಮಾದು ಹೋಗಿ ನಾಲ್ಕನೇ ಮರದ ಬುಡಕ್ಕೆ ಕೂತು ಬೀಡಿ ಹಚ್ಚಿದರು. ನಾನು ಆಫೀಸಿಗೆ ಓಡಿದೆ.

ನಟರಾಜ್ ಸರ್ ಎಲ್ಲ ಕೇಳಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಯಾವಾಗ ಗೊತ್ತಾಯ್ತು?"

"ಇಪ್ಪತ್ನಾಲ್ಕಕ್ಕೆ ಸರ್."

"ಹತ್ತು ದಿನ ಏನ್ಮಾಡ್ತಿದ್ರಿ ಹೇಮಲತಾ?"

ಕಂಟ್ರಾಕ್ಟರಿಗೆ ಫೋನ್ ಮಾಡಿ ಕೆಲಸ ನಿಲ್ಲಿಸಿದರು. ನನ್ನಿಂದ ಎರಡು ಪುಟ ವಿವರಣೆ ಬರೆಸಿಕೊಂಡರು. ಮೆಮೊ ಬರುತ್ತದೆ. ಬರಲಿ.

ಎಂಟು ಉಳಿದವು. ಮೂರು ಹೋದವು. ಆ ಮೂರಕ್ಕೆ ಕಾರಣ ಅಳತೆಯ ತಪ್ಪಲ್ಲ. ಆ ಹತ್ತು ದಿನ.

19 ಮಾರ್ಚ್, ಬುಧವಾರ

ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ. ಆರ್ಡರ್ ಕೈಗೆ ಬಂತು.

ಅದನ್ನು ಬ್ಯಾಗಿಗೆ ಹಾಕಿಕೊಂಡೇ ಹೊಸ ಗೆರೆ ಹಾಕಿಸಲು ಹೋದೆ. ಚಿಕ್ಕಮಾದು ಜಗಲಿಯ ಮೇಲೆ ಕೆಂಪು ಪಟ್ಟಿ ಎಳೆದರು. ನಾನು ರಸ್ತೆಯ ಆಚೆ ಬದಿ ನಿಂತಿದ್ದೆ, ಟೇಪಿನ ತುದಿ ಹಿಡಿದು. ರುದ್ರಮ್ಮ ಒಲೆಯ ಮುಂದಿನಿಂದ ಎದ್ದು ರಸ್ತೆ ದಾಟಿ ಬಂದರು. ಕೈಯೆಲ್ಲ ರಾಗಿ ಹಿಟ್ಟು.

"ನಿಂಗೆ ಮೊದ್ಲೇ ಗೊತ್ತಿತ್ತಂತೆ?"

"ಗೊತ್ತಿತ್ತು."

"ಕೆಡವ್ತಾರೆ ಅಂತ ಅಲ್ಲ ಕಣ್ ಮಗ. ಜಾಗ ನಂದಲ್ಲ, ನಂಗೂ ಗೊತ್ತು. ದಿನಾ ನನ್ ಎದ್ರಿಗೆ ಕೂತ್ಕಂಡು ಉಂಡೆಯಲ್ಲ. ಒಂದ್ ಮಾತ್ ಏಳ್ಬಾರ್ದಾಗಿತ್ತಾ?"

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ವಾಪಸ್ ಹೋದರು.

ಸರ್ ಎದುರಿಗೆ ಬಾಯಿ ಬಿಡಲು ಹತ್ತು ದಿನ ಬೇಕಾಯಿತು. ಇವರ ಹತ್ತಿರ ಕೊನೆಗೂ ನಾನಾಗಿ ಹೇಳಲೇ ಇಲ್ಲ. ಕೇಳಿಸಿಕೊಂಡು ಒಪ್ಪಿಕೊಂಡೆ, ಅಷ್ಟೇ.

2 ಏಪ್ರಿಲ್

ಜಗಲಿ ಒಡೆದರು. ಅರ್ಧ ಗಂಟೆ ಕೂಡ ಹಿಡಿಯಲಿಲ್ಲ. ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ಮನೆಯಿಂದ ತಂದ ಡಬ್ಬಿ ಊಟ.

3 ಏಪ್ರಿಲ್

ಡಬ್ಬಿ.

21 ಏಪ್ರಿಲ್, ಸೋಮವಾರ

ಬಿಸಿಲು ವಿಪರೀತ. ಆಸ್ಪತ್ರೆಯ ಜನವೆಲ್ಲ ಎಂಟು ಮರದ ಕೆಳಗೆ ಒತ್ತಿಕೊಂಡು ಕೂತಿದ್ದಾರೆ. ಕಡಿದ ಕಡೆಯ ಬೆಂಚಿನ ಮೇಲೆ ಯಾರೂ ಇಲ್ಲ.

ಚಿಕ್ಕಮಾದು ಅಂದರು, "ರುದ್ರಮ್ಮ ಒಲೆ ಒಳೀಕ್ ಆಕವ್ಳೆ. ಒಗೆ ಓಗಾಕೆ ದಾರಿ ಇಲ್ಲ. ಗಿರಾಕಿ ಕಮ್ಮಿಯಾಗವ್ರೆ."

ಡಬ್ಬಿ ಅವರ ಕೈಗೆ ಕೊಟ್ಟು ರಸ್ತೆ ದಾಟಿದೆ.

ಒಳಗೆ ಹೊಗೆ, ಮಬ್ಬು. ನಾಲ್ಕರಲ್ಲಿ ಒಂದು ಬೆಂಚು ತೆಗೆದಿದ್ದಾರೆ, ಒಲೆಗೆ ಜಾಗ ಬೇಕಲ್ಲ. ರುದ್ರಮ್ಮನ ಕಣ್ಣು ಕೆಂಪು. ನನ್ನನ್ನು ನೋಡಿದರು. ತಟ್ಟೆ ಇಟ್ಟರು. ಮುದ್ದೆ, ಸಾರು. ಎಲ್ಲರಿಗೂ ಹಾಕುವಷ್ಟೇ.

"ಅವ್ವಾ, ಒಂದು ಮಾತು" ಅಂದೆ.

"ಉಣ್ಣು ಮೊದ್ಲು."

ಉಂಡೆ. ಕೈ ತೊಳೆದು ಬಂದು ಅವರ ಎದುರು ನೆಲದ ಮೇಲೆ ಕೂತೆ. ಸೊಪ್ಪು ಬಿಡಿಸುತ್ತಿದ್ದರು. ನಾನೂ ಒಂದು ಹಿಡಿ ಎಳೆದುಕೊಂಡೆ. ತಪ್ಪು ಮೊದಲು ನನ್ನದೇ ಅಂದೆ. ಗೊತ್ತಾದ ದಿನವೂ ಇಲ್ಲೇ ಕೂತು ಉಂಡೆ ಅಂದೆ. ಕೆಲಸದ ಭಯ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಜಾಸ್ತಿ, ನಾಳೆಯಿಂದ ನೀವು ಮಗ ಅನ್ನುವುದಿಲ್ಲವಲ್ಲ ಅಂತ...

ಅಷ್ಟಕ್ಕೆ ನಿಲ್ಲಿಸಿ ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡೆ.

ಅವರು ತಲೆ ಎತ್ತಲಿಲ್ಲ. ಕೈಯೂ ನಿಲ್ಲಿಸಲಿಲ್ಲ.

"ಊಂ, ಆಮ್ಯಾಕೆ?" ಅಂದರು.

ಆಮೇಲೆ ನಾನು ಉಳಿದದ್ದನ್ನೂ ಹೇಳಿದೆ, ಸೊಪ್ಪು ಬಿಡಿಸುತ್ತಲೇ.